ಹಕ್ಕುದಾರರಿಲ್ಲದ ಕಡತಗಳು

ನಮ್ಮ ಭಾವನಿಗೆ ಅವರ ಆಫೀಸಿನವರು ಸನ್ಮಾನ ಮಾಡಬಾರದಿತ್ತು. ಮಾಡಿದ್ದರಿಂದಲೇ ಇಷ್ಟೆಲ್ಲ ಆಯಿತು ಎಂದು ನಾನು ಇವತ್ತಿಗೂ ಹೇಳುತ್ತೇನೆ. ಅಕ್ಕನ ಎದುರು ಮಾತ್ರ ಹೇಳುವುದಿಲ್ಲ, ಏಕೆಂದರೆ ಆ ಸನ್ಮಾನಕ್ಕೆ ಭಾವ ಹಾಕಿಕೊಂಡು ಹೋದ ಕೋಟನ್ನು ಹೊಲಿದವಳು ಅವಳೇ.

ಭಾವ ಒಂದು ದೊಡ್ಡ ಕಚೇರಿಯಲ್ಲಿ ದಾಖಲೆ ಕೊಠಡಿಯ ಮೇಲ್ವಿಚಾರಕರು. ಅವರು ಅಲ್ಲಿಗೆ ಹೋಗುವ ಮೊದಲು ಆ ಕೊಠಡಿಯೊಳಗೆ ಹೋದ ಜವಾನ ಹೊರಗೆ ಬರಲು ದಾರಿ ಗೊತ್ತಾಗದೆ ಒಳಗಿನಿಂದಲೇ ಕೂಗಿಕೊಳ್ಳುತ್ತಿದ್ದನಂತೆ. ಭಾವ ಅಲ್ಲಿದ್ದ ಹಳೆಯ ಕಡತಗಳನ್ನೆಲ್ಲ ನಿಯಮದ ಪ್ರಕಾರ ವಿಲೇವಾರಿ ಮಾಡಿದರು. ಗೋಡೆ ಕಂಡಿತು, ಆಮೇಲೆ ಕಿಟಕಿ ಕಂಡಿತು, ಕೊನೆಗೆ ಅಲ್ಲೊಂದು ಬಾಗಿಲೂ ಇತ್ತೆಂದು ಗೊತ್ತಾಯಿತು. ಸಾಹೇಬರು ಹಿಗ್ಗಿಹೋಗಿ, 'ಅನಗತ್ಯವಾದುದನ್ನು ಗುರುತಿಸುವ ಅಪೂರ್ವ ದೃಷ್ಟಿಗಾಗಿ' ಎಂದು ಅಚ್ಚು ಹಾಕಿಸಿದ ಪ್ರಶಂಸಾಪತ್ರವನ್ನು ಚಿನ್ನದ ಬಣ್ಣದ ಕಟ್ಟಿನಲ್ಲಿ ಕೂರಿಸಿ ಕೊಟ್ಟರು. ಭಾವ ಅದನ್ನು ನಡುಮನೆಯಲ್ಲಿ ಹೇಗೆ ನೇತುಹಾಕಿದರೆಂದರೆ, ಬಂದವರು ಚಪ್ಪಲಿ ಬಿಡಲು ಬಗ್ಗಿ ತಲೆ ಎತ್ತಿದರೆ ಮೊದಲು ಕಾಣುವುದು ಅದೇ. ಕಾಣದವರಿಗೆ ಭಾವ ಕಾಣಿಸುತ್ತಿದ್ದರು.

ಅವರ ನಿಯಮ ಸರಳವಾದದ್ದು. ಒಂದು ಕಡತ ಯಾರದೆಂದು ಸಂಬಂಧಪಟ್ಟವರನ್ನು ಮೂರು ಸಲ ಕೇಳಬೇಕು. ಮೂರು ಸಲವೂ ಯಾರೂ 'ನಮ್ಮದು' ಎನ್ನದಿದ್ದರೆ ಅದು ಕಸ. ಒಂದೇ ಕಡತಕ್ಕೆ ಎರಡು ಪ್ರತಿಗಳಿದ್ದರೆ ಕೇಳುವುದೂ ಬೇಡ, ಎರಡನೆಯದು ಹುಟ್ಟಿನಿಂದಲೇ ಕಸ. ಯಾರಾದರೂ 'ನಮ್ಮದು' ಎಂದು ಬಂದರೆ ರಶೀದಿ ಬರೆದು ಅವರಿಗೆ ಕೊಟ್ಟು ಕೈ ತೊಳೆದುಕೊಳ್ಳಬೇಕು. ಆಫೀಸಿನಲ್ಲಿ ಈ ನಿಯಮದಿಂದ ಯಾರಿಗೂ ತೊಂದರೆಯಾಗಲಿಲ್ಲ. ಆದರೆ ಸನ್ಮಾನವಾದ ಮೇಲೆ ಭಾವ ನಿಯಮವನ್ನು ಮನೆಗೆ ತಂದರು.

ಮೊದಲು ಕಪಾಟುಗಳು ಖಾಲಿಯಾದವು. ಆಮೇಲೆ ಅಟ್ಟ. ಒಂಟಿ ಕಾಲುಚೀಲಗಳನ್ನು ಹಿಡಿದು ಅವರು ಮೂರು ಸಲ ಮನೆ ಸುತ್ತಿದ್ದನ್ನು ನಾನೇ ಕಂಡಿದ್ದೇನೆ. ಇಡೀ ಮನೆ ಭಣಭಣ ಎನ್ನುವಂತಾದ ಮೇಲೆ ಉಳಿದದ್ದು ಅಕ್ಕನ ಹೊಲಿಗೆ ಕೋಣೆಯ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರ್ ಒಂದೇ.

ಆ ಕಂಪ್ಯೂಟರಿಗೆ ವಯಸ್ಸಾಗಿತ್ತು. ಬೆಳಿಗ್ಗೆ ಗುಂಡಿ ಒತ್ತಿದರೆ ಅದು ಒಂದು ಸಲ ಕೆಮ್ಮಿ, ಒಳಗಿನ ಫ್ಯಾನು ತಿರುಗಿಸಿಕೊಂಡು, ಪರದೆ ಬೆಳಗಿಸುವ ಹೊತ್ತಿಗೆ ಅಕ್ಕ ಒಂದು ಅಂಗಿಗೆ ತೋಳು ಕೂಡಿಸಿ ಮುಗಿಸಿರುತ್ತಿದ್ದಳು. ಆದರೂ ಅಕ್ಕನಿಗೆ ಅದೆಂದರೆ ಪ್ರಾಣ. ಮನೆಗೆ ಬರುವ ಹುಡುಗಿಯರಿಗೆ ಅವಳು ಹೊಲಿಗೆ ಕಲಿಸುತ್ತಾಳೆ. ಮಗುವಿನ ಫ್ರಾಕಿನಿಂದ ಹಿಡಿದು ಗಂಡಸರ ಕೋಟಿನವರೆಗೆ ಬಟ್ಟೆಯನ್ನು ಹೇಗೆ ಗುರುತು ಹಾಕಿ ಕತ್ತರಿಸಬೇಕೆಂಬುದನ್ನು ಅವಳು ಆ ಕಂಪ್ಯೂಟರಿನಲ್ಲಿ ಒಂದೊಂದಾಗಿ ಚಿತ್ರ ಬರೆದು, ಅಳತೆ ಹಾಕಿ, ಎರಡು ವರ್ಷ ಕೂತು ತಯಾರು ಮಾಡಿದ್ದಳು. ಪೇಟೆಯ ಹೊಲಿಗೆ ಶಾಲೆಯ ಪ್ರಿನ್ಸಿಪಾಲರು ಇವಳ ಕೈಚಳಕದ ಬಗ್ಗೆ ಕೇಳಿ, "ಸೋಮವಾರ ತಗೊಂಡು ಬನ್ನಿ. ಚೆನ್ನಾಗಿದ್ರೆ ನಮ್ಮ ಶಾಲೇಲಿ ಇದೇ ಪಾಠಪುಸ್ತಕ. ನಿಮ್ಮ ಹೆಸರಲ್ಲೇ ಅಚ್ಚು ಹಾಕಿಸ್ತೀವಿ" ಎಂದಿದ್ದರು. ಆವತ್ತಿನಿಂದ ಅಕ್ಕ ಅಡಿಗೆಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು. ನಾವು ತುಟಿಪಿಟಿಕ್ಕೆನ್ನದೆ ಉಣ್ಣುತ್ತಿದ್ದೆವು.

ಆ ಸೋಮವಾರಕ್ಕೆ ಇನ್ನೂ ಎಂಟು ದಿನವಿದೆ ಎನ್ನುವಾಗ, ಭಾನುವಾರ, ಭಾವ ಕಂಪ್ಯೂಟರಿನ ಮುಂದೆ ಕುಳಿತರು. ಅಲ್ಲಿ ಇಲ್ಲಿ ಒತ್ತಿ, ಅದರ ಹೊಟ್ಟೆಯೊಳಗಿನ ಯಾವುದೋ ಫೋಲ್ಡರ್ ತೆರೆದು, ಕನ್ನಡಕವನ್ನು ಹಣೆಗೇರಿಸಿದರು.

"ಏನಯ್ಯ ಇದು! ಇದರೊಳಗೆ ಇಷ್ಟೊಂದು ಕಡತ ಇಟ್ಟೋರು ಯಾರು?"

"ಅವು ಸಿಸ್ಟಮ್ ಫೈಲುಗಳಿರಬೇಕು ಭಾವ. ಕಂಪ್ಯೂಟರ್ ಜೊತೇಲೇ ಬಂದಿರ್ತವೆ."

"ಜೊತೇಲಿ ಬಂದಿದ್ದನ್ನೆಲ್ಲ ಮನೇಲಿ ಇಟ್ಕೋಬೇಕು ಅಂತ ಏನಿಲ್ಲವಲ್ಲ" ಎಂದು ಭಾವ ನನ್ನನ್ನೊಮ್ಮೆ ನೋಡಿದರು.

ನಾನು ಅಕ್ಕನ ಜೊತೆಗೆ ಬಂದವನು. ಕೆಲಸಕ್ಕೆ ಹತ್ತಿರವಾಗುತ್ತದೆಂದು ಬಂದು, ಮಹಡಿಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಇನ್ನೂ ಇದ್ದೇನೆ. ಹಾಗಾಗಿ ಸಿಸ್ಟಮ್ ಫೈಲುಗಳ ಪರವಾಗಿ ನಾನು ಮತ್ತೆ ಬಾಯಿ ತೆರೆಯಲಿಲ್ಲ.

"ನೋಡು, ಎಲ್ಲಾ ಡಿ.ಎಲ್.ಎಲ್., ಡಿ.ಎಲ್.ಎಲ್. ಅಂತ ಮುಗೀತವೆ. ಒಂದೇ ಮನೆತನದವು ಅಂತ ಕಾಣುತ್ತೆ. ಯಾರದು ಅಂತ ವಿಚಾರಿಸೋಣ. ಅನ್ಯಾಯ ಆಗಬಾರದು."

ಮರುದಿನ ಬೆಳಿಗ್ಗೆ ನಮ್ಮ ಕಟ್ಟಡದ ಮೆಟ್ಟಿಲ ಬುಡದಲ್ಲಿ ಒಂದು ಕಾಗದ ಅಂಟಿಕೊಂಡಿತ್ತು.

'ಸಾರ್ವಜನಿಕ ತಿಳುವಳಿಕೆ. ಈ ಮನೆಯಲ್ಲಿ ಪತ್ತೆಯಾದ, ಹಕ್ಕುದಾರರು ಗೊತ್ತಿಲ್ಲದ ಕಡತಗಳನ್ನು ವಿಲೇವಾರಿ ಮಾಡಲು ಉದ್ದೇಶಿಸಲಾಗಿದೆ. ಆಕ್ಷೇಪಣೆ ಇದ್ದವರು ಬುಧವಾರದೊಳಗೆ ಮನೆಯ ಯಜಮಾನರನ್ನು ಖುದ್ದಾಗಿ ಕಾಣತಕ್ಕದ್ದು. ತಪ್ಪಿದಲ್ಲಿ ಯಾವ ದೂರನ್ನೂ ಪರಿಗಣಿಸಲಾಗುವುದಿಲ್ಲ.'

ಕೆಳಗೆ ಭಾವನ ಸಹಿ, ಸಹಿಯ ಕೆಳಗೆ ಎರಡು ಗೆರೆ.

ಈ ಕಾಗದವನ್ನು ಪೂರ್ತಿ ಓದಿದವರು ಯಾರೂ ಇಲ್ಲ. 'ಈ ಮನೆಯಲ್ಲಿ', 'ವಿಲೇವಾರಿ', 'ದೂರು' ಎಂಬ ಮಾತುಗಳನ್ನಷ್ಟೇ ಹೆಕ್ಕಿಕೊಂಡು ಜನ ಮುಂದೆ ಹೋದರು. ಬೀದಿ ತುದಿಯ ದಿನಸಿ ಅಂಗಡಿಯವರು ಮಧ್ಯಾಹ್ನ ಸಾಮಾನು ಕೊಡಲು ಬಂದವರು ಬಾಗಿಲಲ್ಲೇ ನಿಂತು ಮೆಲ್ಲಗೆ ಕೇಳಿದರು: "ಅಮ್ಮಾ, ಜಪ್ತಿಯವರು ಯಾವತ್ತು ಬರ್ತಾರೆ?" ಸಂಜೆಯ ಹೊತ್ತಿಗೆ ಸುದ್ದಿ ಊರು ದಾಟಿತ್ತು. ಚಿಕ್ಕಮ್ಮ ಫೋನು ಮಾಡಿದಳು.

"ನೋಟೀಸು ಅಂಟಿಸಿದ್ದಾರಂತಲ್ಲೋ. ಅಕ್ಕಂಗೆ ಧೈರ್ಯ ಹೇಳು. ಮೂವರೂ ಬಂದುಬಿಡಿ, ನಮ್ಮ ಹಿಂದಿನ ರೂಮು ಖಾಲಿನೇ ಇದೆ."

"ನೋಟೀಸು ಅಂಟಿಸಿದ್ದು ಭಾವನೇ ಚಿಕ್ಕಮ್ಮ."

"ಹಾಗಾದ್ರೆ ಅಕ್ಕ ನೀನು ಬನ್ನಿ. ಅವರಿಗೆ ಡಾಕ್ಟ್ರನ್ನ ನೋಡೋಣ" ಎಂದಳು ಚಿಕ್ಕಮ್ಮ.

ನೋಟೀಸಿಗೆ ನಿಜವಾಗಿ ಓಗೊಟ್ಟು ಬಂದವರು ಒಬ್ಬರೇ: ಮೇಲಿನ ಮನೆಯ ಇರಲಿ ಮಾವ. ಅವರ ನಿಜವಾದ ಹೆಸರು ಅವರ ಮನೆಯವರಿಗೂ ಮರೆತಿರಬೇಕು. ಯಾರಾದರೂ ಏನನ್ನಾದರೂ ಬಿಸಾಡಲು ಹೊರಟರೆ ಸಾಕು, ಮಾವ ಮೆಟ್ಟಿಲಲ್ಲಿ ಪ್ರತ್ಯಕ್ಷವಾಗಿ, "ಬಿಸಾಕ್ತೀರಾ? ಕೊಡಿ ಇಲ್ಲಿ, ಇರಲಿ" ಎಂದು ಎತ್ತಿಕೊಂಡು ಹೋಗುತ್ತಿದ್ದರು. ಹಿಡಿಯಿಲ್ಲದ ಕೊಡೆ, ಮೂರು ಕಾಲಿನ ಕುರ್ಚಿ, ಬೀಗ ಕಳೆದುಹೋದ ಕೀಲಿಕೈ, ಎಲ್ಲವೂ ಅವರಲ್ಲಿವೆ. ಅವರ ಹೆಂಡತಿ, ನಾವೆಲ್ಲ ಅತ್ತೆ ಎನ್ನುತ್ತೇವೆ, ಆ ಮನೆಯಲ್ಲಿ ಅಡ್ಡಡ್ಡ ನಡೆದೇ ಓಡಾಡುತ್ತಾರೆ. ನಮ್ಮ ಅಟ್ಟದಿಂದ ಇಳಿದ ಸಾಮಾನೆಲ್ಲ ಅದಾಗಲೇ ಮಾವನ ಮನೆ ಸೇರಿತ್ತು.

"ಏನೋ ಕಡತ ಅಂತಲ್ಲಪ್ಪ. ಎಷ್ಟಿದಾವೆ?" ಎಂದರು ಮಾವ.

"ಬೇಕಾದಷ್ಟಿವೆ. ನಿಮ್ದಾ?"

"ನನ್ದಲ್ಲ ಅಂತ ಹೇಗೆ ಹೇಳೋದು? ನೋಡಿದ ಹಾಗಿದೆ. ಇರಲಿ, ಕೊಡಿ."

"ಯಾವುದು ನಿಮ್ದು ಅಂತ ನಿರ್ದಿಷ್ಟವಾಗಿ ಹೇಳಬೇಕು."

"ನೀವು ಯಾವ್ಯಾವುದನ್ನ ಬಿಸಾಕ್ತೀರೋ ಅವೆಲ್ಲ ನನ್ದೇ" ಎಂದರು ಮಾವ.

ಇದಕ್ಕೆ ನಿಯಮದಲ್ಲಿ ಉತ್ತರವಿರಲಿಲ್ಲ. ಹಕ್ಕು ಹೇಳಿದವರಿಗೆ ಕೊಡಬೇಕು, ಅಷ್ಟೇ. ಭಾವ ಒಂದು ಪೆನ್ ಡ್ರೈವ್ ತರಿಸಿ, ತೆಗೆಯುವುದನ್ನೆಲ್ಲ ಮೊದಲು ಅದಕ್ಕೆ ಹಾಕಿ ಆಮೇಲೆ ಅಳಿಸುವುದೆಂದು ತೀರ್ಮಾನಿಸಿದರು.

ಆದರೆ ಕಂಪ್ಯೂಟರ್ ಅಷ್ಟು ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಯಾವ ಫೈಲು ಮುಟ್ಟಿದರೂ 'ಇದಕ್ಕೆ ನಿಮಗೆ ಅನುಮತಿ ಇಲ್ಲ' ಎಂದು ಅಡ್ಡ ಬಂತು. ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಕೈ ಬಿಡುತ್ತಿದ್ದರು. ಭಾವನಿಗೆ ಮಾತ್ರ ಅದರ ಮೇಲೆ ಗೌರವ ಹೆಚ್ಚಾಯಿತು. "ನೋಡಯ್ಯ, ಶಿಸ್ತು ಅಂದ್ರೆ ಇದು! ಮೇಲಿನವರ ಅನುಮತಿ ಇಲ್ದೆ ಒಂದು ಕಾಗದ ಅಲ್ಲಾಡಲ್ಲ" ಎಂದು ತಲೆದೂಗಿ, ಯಾವುದೋ ವಿಡಿಯೋ ನೋಡಿ, ಆ ಫೈಲುಗಳ ಒಡೆತನವನ್ನೆಲ್ಲ ಒಂದೊಂದಾಗಿ ತಮ್ಮ ಹೆಸರಿಗೆ ಬದಲಾಯಿಸಿಕೊಂಡು, ಅನುಮತಿ ಕೇಳುವವರೂ ಕೊಡುವವರೂ ತಾವೇ ಆದರು. ಸೋಮವಾರ, ಮಂಗಳವಾರ ಆಫೀಸಿನಿಂದ ಬಂದವರು ಕೈಕಾಲು ತೊಳೆದು ಇದೇ ಕೆಲಸಕ್ಕೆ ಕೂರುತ್ತಿದ್ದರು. ಒಂದು ಕಡೆ ಅವರಿಗೆ ದೊಡ್ಡ ನಿಧಿಯೇ ಸಿಕ್ಕಿತು. ಮೇಲೆ ಕಂಡ ಫೈಲುಗಳದೇ ಇನ್ನೊಂದೊಂದು ಪ್ರತಿ ಒಳಗಿನ ಫೋಲ್ಡರಿನಲ್ಲಿ ಸಾಲಾಗಿ ಕೂತಿದ್ದವು.

"ಎರಡನೇ ಪ್ರತಿ! ಇಡೀ ಉಗ್ರಾಣವೇ ಎರಡನೇ ಪ್ರತಿ!" ಭಾವ ಕುರ್ಚಿಯಿಂದ ಎದ್ದೇ ನಿಂತರು. ಇಷ್ಟು ಸಂತೋಷ ಅವರಿಗೆ ಸನ್ಮಾನದ ದಿನವೂ ಆಗಿರಲಿಲ್ಲ.

ಬುಧವಾರ ಸಂಜೆ ಕೊನೆಯ ಸುತ್ತಿನ ವಿಚಾರಣೆ. ಅಕ್ಕ ಒಂದು ಫ್ರಾಕಿಗೆ ನೆರಿಗೆ ಹಿಡಿಯುತ್ತಿದ್ದಳು. ಕೊರಳಲ್ಲಿ ಅಳತೆಯ ಟೇಪು, ತುಟಿಗಳ ನಡುವೆ ಸಾಲಾಗಿ ಗುಂಡುಪಿನ್ನು. ಭಾವ ಪರದೆ ನೋಡುತ್ತಾ ಒಂದೊಂದೇ ಹೆಸರು ಓದಿ "ನಿಂದಾ?" ಎಂದು ಕೇಳುತ್ತಿದ್ದರು. ಬಾಯಲ್ಲಿ ಪಿನ್ನಿಟ್ಟುಕೊಂಡ ದರ್ಜಿ ಮಾತಾಡುವಂತಿಲ್ಲ. ಅಕ್ಕ ಪ್ರತಿಯೊಂದಕ್ಕೂ 'ಸುಮ್ಮನಿರಿ, ತೊಂದರೆ ಕೊಡಬೇಡಿ' ಎಂಬಂತೆ ತಲೆ ಅಲ್ಲಾಡಿಸುತ್ತಿದ್ದಳು. ಭಾವ ಪ್ರತಿಯೊಂದಕ್ಕೂ 'ಹಕ್ಕಿಲ್ಲ' ಎಂದು ಗುರುತು ಹಾಕುತ್ತಿದ್ದರು.

"ಹೊಸ ಫೋಲ್ಡರ್ ಅಂತ ಒಂದಿದೆ. ಹೆಸರೂ ಇಡದೆ ಬಿಟ್ಟಿದ್ದಾರೆ, ಪಾಪ. ನಿಂದಾ?"

ಅಕ್ಕ ನೆರಿಗೆಯಿಂದ ಕಣ್ಣೆತ್ತದೆ ತಲೆ ಅಲ್ಲಾಡಿಸಿದಳು.

"ಮೂರನೇ ಸಲ ಕೇಳ್ತಿದ್ದೀನಿ."

ಅಕ್ಕ ಇನ್ನೂ ಜೋರಾಗಿ ಅಲ್ಲಾಡಿಸಿದಳು.

ಗುರುವಾರ ಪೆನ್ ಡ್ರೈವ್ ಇರಲಿ ಮಾವನ ಕೈ ಸೇರಿತು. ಭಾವ ರಶೀದಿಯನ್ನು ಎರಡು ಪ್ರತಿ ಬರೆದರು. ಇದೊಂದಕ್ಕೆ ಎರಡನೇ ಪ್ರತಿ ಕಸವಲ್ಲವಂತೆ. ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಬರಿದು ಮಾಡಿ, ಉಳಿದ ಜಾಗವನ್ನು ಒಪ್ಪ ಮಾಡುವ ಯಾವುದೋ ಕೆಲಸವನ್ನು ಅದಕ್ಕೆ ಹಚ್ಚಿ, ಭಾವ ಕೈ ಜಾಡಿಸಿಕೊಂಡು ಎದ್ದರು. "ಈಗ ನೋಡು, ನಾಳೆಯಿಂದ ಕುದುರೆ ಓಡಿದ ಹಾಗೆ ಓಡುತ್ತೆ."

ಶುಕ್ರವಾರ ಅಕ್ಕನಿಗೆ ಹೊಲಿಗೆ ಕೆಲಸವೇ ಸಾಕಾಗಿತ್ತು. ಶನಿವಾರ ಬೆಳಿಗ್ಗೆ, ಸೋಮವಾರಕ್ಕೆ ಮುಂಚೆ ಒಂದು ಸಲ ಎಲ್ಲವನ್ನೂ ನೋಡಿಬಿಡೋಣವೆಂದು ಅವಳು ಕಂಪ್ಯೂಟರಿನ ಗುಂಡಿ ಒತ್ತಿದಳು. ಅದು ಒಂದು ಸಲ ಕೆಮ್ಮಿತು. ಫ್ಯಾನು ತಿರುಗಿತು. ಪರದೆಯ ಮೇಲೆ 'ಒಂದು ಫೈಲು ಸಿಗುತ್ತಿಲ್ಲ' ಎಂಬ ಪೆಟ್ಟಿಗೆ ಬಂತು. ಅದನ್ನು ಮುಚ್ಚಿದರೆ 'ಇನ್ನೊಂದು ಸಿಗುತ್ತಿಲ್ಲ' ಎಂಬುದು ಬಂತು. ಅದನ್ನೂ ಮುಚ್ಚಿದ ಮೇಲೆ ಏನೂ ಬರಲಿಲ್ಲ. ಬರೀ ನೀಲಿ.

"ರೀ..." ಎಂದಳು ಅಕ್ಕ. ಆ ಒಂದಕ್ಷರಕ್ಕೆ ಭಾವ ಅರ್ಧ ಬೋಳಿಸಿದ ಗಡ್ಡದಲ್ಲೇ ಓಡಿಬಂದರು.

ಮುಖ್ಯ ರಸ್ತೆಯ ರಿಪೇರಿ ಅಂಗಡಿಯ ಮೇಡಂಗೆ ಹೇಳಿಕಳಿಸಿದ್ದಾಯಿತು. ಅವರು ಬಂದಾಗ ಕೈಯಲ್ಲಿ ಸ್ಕ್ರೂಡ್ರೈವರಿನ ಜೊತೆ ಹೊಸ ಕಂಪ್ಯೂಟರುಗಳ ಚಿತ್ರದ ಪುಸ್ತಕವೂ ಇತ್ತು. ಯಾರ ಮನೆಗೆ ಹೋದರೂ ಆ ಪುಸ್ತಕವನ್ನು ಮೊದಲು ಮೇಜಿನ ಮೇಲಿಟ್ಟೇ ಕೂರುವುದು ಅವರ ಪದ್ಧತಿ.

"ಇದನ್ನ ಇನ್ನೂ ಇಟ್ಕೊಂಡಿದ್ದೀರಾ? ಈ ಮಾಡೆಲ್ ನಾನು ಕೆಲಸ ಕಲಿಯೋವಾಗಲೇ ಹಳೇದಾಗಿತ್ತು" ಎಂದು ನಾಂದಿ ಹಾಡಿ, ಯಾವುದೋ ಗುಂಡಿ ಹಿಡಿದು, ಕಂಪ್ಯೂಟರನ್ನು ಅರೆಎಚ್ಚರದಲ್ಲಿ ಎಬ್ಬಿಸಿ, ಒಂದು ಕಪ್ಪು ಕಿಟಕಿ ತೆರೆದರು. "ಸಿಸ್ಟಮ್ ಫೈಲು ಕೆಟ್ಟಿರೋ ಹಾಗಿದೆ. ತಲೆ ಕೆಡಿಸ್ಕೋಬೇಡಿ. ಪತ್ತೆ ಹಚ್ಚಿ ತಾನೇ ಸರಿ ಮಾಡ್ಕೊಳ್ಳೋ ಆಜ್ಞೆ ಒಂದಿದೆ."

ಅವರು ಆಜ್ಞೆ ಒತ್ತಿದರು. ನೂರಕ್ಕೆ ಇಷ್ಟು, ನೂರಕ್ಕೆ ಇಷ್ಟು ಎಂದು ಅಂಕಿ ಏರುತ್ತಾ ಹೋಯಿತು. ಭಾವ ಗಡ್ಡದ ನೊರೆ ಒಣಗಿಸಿಕೊಂಡು ನಿಂತಿದ್ದರು. ಕೊನೆಗೆ ಬಂದದ್ದು ಇಷ್ಟು: ಕೆಟ್ಟ ಫೈಲುಗಳು ಸಿಕ್ಕಿವೆ. ಸರಿಪಡಿಸಲು ಆಗಲಿಲ್ಲ.

ಮೇಡಂ ಹುಬ್ಬು ಗಂಟಿಕ್ಕಿದರು. "ವಿಚಿತ್ರ. ಪ್ರತಿ ಫೈಲಿಗೂ ಕಂಪ್ಯೂಟರ್ ಒಳಗಡೆ ಒಂದೊಂದು ನಕಲು ಇಟ್ಕೊಂಡಿರುತ್ತೆ. ಒಂದು ಕೆಟ್ರೆ ಅಲ್ಲಿಂದ ತೆಗೆದು ಹಾಕ್ಕೊಳ್ಳುತ್ತೆ. ಆ ನಕಲಿನ ಉಗ್ರಾಣ ಎಲ್ಲಿ ಹೋಯ್ತು?"

ಭಾವ ಗಂಟಲು ಸರಿಮಾಡಿಕೊಂಡರು.

"ಅದನ್ನೇ ಮೊದಲು ಖಾಲಿ ಮಾಡಿದೆ" ಎಂದರು.

"ನೀವಾ?"

"ನಿಯಮದ ಪ್ರಕಾರ."

ಮೇಡಂ ಹೊಸ ಕಂಪ್ಯೂಟರಿನ ಪುಸ್ತಕವನ್ನು ಸದ್ದಿಲ್ಲದೆ ಭಾವನ ಕಡೆ ಒಂದು ಗೇಣು ಸರಿಸಿದರು. "ಕಂಪ್ಯೂಟರ್ ತಗೊಂಡಾಗ ಕೊಟ್ಟಿದ್ದ ಡಿಸ್ಕ್ ಇದ್ರೆ ಕೊಡಿ. ಆ ಕಾಲದ ಸಿಸ್ಟಮ್ ನಮ್ಮ ಅಂಗಡೀಲಿ ಈಗ ಇಡಲ್ಲ."

ಡಿಸ್ಕ್ ಇತ್ತು. ಅಕ್ಕ ಹೊಲಿಗೆ ಯಂತ್ರದ ಡ್ರಾಯರಿನಿಂದ ತಂದು ಕೊಟ್ಟಳು. ದುಂಡು ಕಾಲರಿನ ಅಂಚಿಗೆ ಗುರುತು ಹಾಕಲು ಅದಕ್ಕಿಂತ ಒಳ್ಳೆಯ ಅಚ್ಚು ಇಲ್ಲವೆಂದು ಅವಳು ವರ್ಷಗಟ್ಟಲೆ ಅದನ್ನೇ ಬಳಸಿದ್ದಳು. ಅದರ ಮೈಮೇಲೆ, ಬಟ್ಟೆಗೆ ಗುರುತು ಹಾಕುವ ಹಲ್ಲಿನ ಚಕ್ರ ಓಡಾಡದ ಜಾಗ ಇರಲಿಲ್ಲ. ಮೇಡಂ ಅದನ್ನು ಬೆಳಕಿಗೆ ಹಿಡಿದು ಹಿಂದಕ್ಕೆ ಕೊಟ್ಟರು.

"ಸಿಸ್ಟಮ್ ಹೋಗ್ಲಿ ಬಿಡಿ ಮೇಡಂ. ನನ್ನ ಚಿತ್ರಗಳು ಒಳಗೆ ಕ್ಷೇಮವಾಗಿವೆ ತಾನೆ?" ಎಂದಳು ಅಕ್ಕ.

"ಯಾವ ಹೆಸರಲ್ಲಿ ಇಟ್ಟಿದ್ದೀರಿ?"

"ಹೊಸ ಫೋಲ್ಡರ್ ಅಂತ ಅದೇ ಹೆಸರು ಕೊಟ್ಟಿತ್ತು. ಮುಗಿದ ಮೇಲೆ ಚೆನ್ನಾಗಿರೋ ಹೆಸರು ಇಡೋಣ ಅಂತ ಹಾಗೇ ಬಿಟ್ಟಿದ್ದೆ."

ನಾನು ಭಾವನ ಮುಖ ನೋಡಿದೆ. ನೊರೆಯಿದ್ದ ಅರ್ಧ ಮೊದಲೇ ಬೆಳ್ಳಗಿತ್ತು, ಈಗ ಉಳಿದ ಅರ್ಧವೂ ಅದಕ್ಕೆ ಸಮನಾಯಿತು.

"ಮೂರು ಸಲ ಕೇಳಿದೆನಲ್ಲೇ. ಮೂರು ಸಲಾನೂ ತಲೆ ಅಲ್ಲಾಡಿಸಿದೆಯಲ್ಲ."

"ಬಾಯಲ್ಲಿ ಪಿನ್ನಿತ್ತು ಕಣ್ರೀ" ಎಂದಳು ಅಕ್ಕ.

ಅವಳು ಜಗಳ ಮಾಡಿದ್ದರೆ ನಮಗೆ ಎಷ್ಟೋ ಸುಲಭವಿತ್ತು. ಅವಳು ಕೂಗಾಡಲಿಲ್ಲ. ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತು ಕೊರಳ ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ಎರಡು ವರ್ಷ ಆ ಕೋಣೆಯಲ್ಲಿ ಬೆನ್ನು ಬಗ್ಗಿಸಿ ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆಗ ನನಗೆ ಫಕ್ಕನೆ ಹೊಳೆಯಿತು.

"ಭಾವ! ಇರಲಿ ಮಾವ!"

ನಾವು ಮೆಟ್ಟಿಲು ಹತ್ತಿದ್ದು ಮೆರವಣಿಗೆಯಲ್ಲೇ. ಮುಂದೆ ಭಾವ, ಹಿಂದೆ ಅಕ್ಕ, ಅವಳ ಹಿಂದೆ ಮೇಡಂ, ಕೊನೆಯಲ್ಲಿ ನಾನು. ಸಾಮಾನು ಕೊಡಲು ಬಂದಿದ್ದ ದಿನಸಿ ಅಂಗಡಿಯವರೂ, ಜಪ್ತಿ ಶುರುವಾಯಿತೆಂದುಕೊಂಡು, ಚೀಲ ಕೆಳಗಿಟ್ಟು ನಮ್ಮ ಹಿಂದೆ ಬಂದರು.

ನಮ್ಮ ತಪ್ಪೆಂದರೆ ಒಟ್ಟಿಗೆ ಹೋದದ್ದು. ಬಾಗಿಲು ತೆರೆದ ಮಾವ ಇಷ್ಟು ಜನರನ್ನು ನೋಡಿದ್ದೇ ತಡ, ತಮ್ಮ ಹತ್ತಿರ ಇರುವುದು ಸಾಮಾನ್ಯ ವಸ್ತುವಲ್ಲ ಎಂದು ಲೆಕ್ಕ ಹಾಕಿಬಿಟ್ಟರು.

"ಆ ಪೆನ್ ಡ್ರೈವ್ ಸ್ವಲ್ಪ ವಾಪಸ್ ಬೇಕಿತ್ತು ಮಾವ."

"ಅಯ್ಯೋ, ಅದನ್ನ ನಾನು ಉಪಯೋಗಿಸಬೇಕು ಅಂತಿದ್ದೆನಲ್ಲಪ್ಪ."

"ಏನಕ್ಕೆ?"

"ಅದು ನನ್ನ ಖಾಸಗಿ ವಿಷಯ."

ಒಳಗಿನಿಂದ ಅತ್ತೆ ಕೂಗಿದರು. "ಈ ಮನೇಲಿ ಕಂಪ್ಯೂಟರೇ ಇಲ್ಲ!"

"ಮುಂದೆ ಬರಬಹುದು. ಇರಲಿ" ಎಂದ ಮಾವ, ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ರಶೀದಿ ತೆಗೆದು, ಭಾವನ ಮುಂದೆ ಹಿಡಿದು, ಗಟ್ಟಿಯಾಗಿ ಓದಿದರು. "'ಸದರಿ ಕಡತಗಳ ಮೇಲೆ ಇನ್ನು ಮುಂದೆ ಹಸ್ತಾಂತರಿಸಿದವರಿಗಾಗಲಿ ಅವರ ವಾರಸುದಾರರಿಗಾಗಲಿ ಯಾವುದೇ ಹಕ್ಕು ಇರುವುದಿಲ್ಲ.' ಇದು ನಿಮ್ಮ ಕೈಬರಹ ತಾನೆ? ಎಷ್ಟು ಚೆನ್ನಾಗಿ ಬರೆದಿದ್ದೀರಿ!"

ಭಾವ ತಲೆ ತಗ್ಗಿಸಿದರು. ಅವರು ಜೀವಮಾನದಲ್ಲಿ ಬರೆದ ಅತ್ಯಂತ ಬಿಗಿಯಾದ ರಶೀದಿ ಅದು. ಅದರಲ್ಲಿ ನುಸುಳಲು ಎಲ್ಲೂ ಸಂದು ಬಿಟ್ಟಿರಲಿಲ್ಲ.

"ಬಿಡಿ ಮಾವ, ತೊಂದರೆ ತಗೋಬೇಡಿ. ನಾನು ಇನ್ನೊಂದು ಸಲ ಬರೀತೀನಿ. ಪುಸ್ತಕ ಮುಂದೆ ಯಾವಾಗಾದ್ರೂ ಆಗಲಿ" ಎಂದಳು ಅಕ್ಕ. ಅವಳು ತಿರುಗಿ, ನಮಗೆ ಮುಖ ಕಾಣದ ಹಾಗೆ ಎರಡು ಮೆಟ್ಟಿಲು ಇಳಿದು ನಿಂತಳು.

ಭಾವ ಅವಳ ಬೆನ್ನು ನೋಡಿದರು. ಆಮೇಲೆ ಮಾವನ ಕಡೆ ತಿರುಗಿದರು. "ಅದಕ್ಕೆ ಬದಲು ಏನು ಬೇಕು ಹೇಳಿ. ಮನೆಗೆ ಬಂದು ನೋಡಿ. ಕೈಗೆ ಸಿಕ್ಕಿದ್ದನ್ನ ತಗೊಳ್ಳಿ."

ಮಾವನಿಗೆ ಇಂಥ ಆಹ್ವಾನ ಹುಟ್ಟಿದಾಗಿನಿಂದ ಯಾರೂ ಕೊಟ್ಟಿರಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಇಳಿದುಬಂದರು. ಆದರೆ ನಮ್ಮ ಮನೆಯಲ್ಲಿ ಏನಿದೆ? ಇದ್ದಬದ್ದದ್ದೆಲ್ಲ ಮೊದಲೇ ಅವರ ಮನೆ ಸೇರಿದೆ. ಅವರು ಅಟ್ಟ ನೋಡಿದರು, ಕಪಾಟು ತೆರೆದು ಮುಚ್ಚಿದರು, ನನ್ನ ಕೋಣೆಯೊಳಗೆ ಇಣುಕಿ ನನ್ನ ಮಂಚವನ್ನು ಒಂದು ಸಲ ಅಳೆದರು, ನನ್ನ ಜೀವ ಬಾಯಿಗೆ ಬಂತು. ಅಲ್ಲಿಂದ ನಡುಮನೆಗೆ ಬಂದು ಗೋಡೆಯ ಮುಂದೆ ನಿಂತರು.

"ಕಟ್ಟು ಚೆನ್ನಾಗಿದೆಯಲ್ಲ" ಎಂದರು ಮಾವ.

ದಿನಸಿ ಅಂಗಡಿಯವರು ಟೋಪಿ ತೆಗೆದರು. ಆ ಕಟ್ಟನ್ನು ಭಾವ ದಿನಾ ಬೆಳಿಗ್ಗೆ ತಮ್ಮ ಕರ್ಚೀಫಿನಿಂದಲೇ ಒರೆಸುತ್ತಿದ್ದರು, ಬೇರೆಯವರು ಮುಟ್ಟುವಂತಿರಲಿಲ್ಲ. ಈಗ ಅವರೇ ಸ್ಟೂಲು ಎಳೆದು, ಹತ್ತಿ, ಪ್ರಶಂಸಾಪತ್ರವನ್ನು ಮೊಳೆಯಿಂದ ಬಿಡಿಸಿ, ಮಾವನ ಎರಡೂ ಕೈಗೆ ಇಟ್ಟರು.

"ರಶೀದಿ?" ಎಂದರು ಮಾವ.

"ಬೇಡ" ಎಂದರು ಭಾವ.

ನಾನು ಆ ಮನೆಯಲ್ಲಿ ಇರಲು ಶುರುಮಾಡಿದ ಮೇಲೆ ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಖಾಲಿ ಮೊಳೆಯನ್ನು ನೋಡಿದಳು, ಸ್ಟೂಲಿನ ಮೇಲೆ ಅರ್ಧ ಗಡ್ಡದಲ್ಲಿ ನಿಂತಿದ್ದ ಗಂಡನನ್ನು ನೋಡಿದಳು.

ಮಾವನ ಮನೆಯ ಆ ರಾಶಿಯಲ್ಲಿ ಹೆಬ್ಬೆರಳಿನಷ್ಟು ವಸ್ತುವನ್ನು ಹುಡುಕಲು ಸೋಮವಾರವೇ ಆಗಬಹುದೆಂದು ನಾವು ಅಂದುಕೊಂಡಿದ್ದರೆ, ಅವರು ನೇರವಾಗಿ ಮೂರು ಕಾಲಿನ ಕುರ್ಚಿಯ ಹಿಂದಿನ ಡಬ್ಬಿಗೆ ಕೈ ಹಾಕಿ, ಕಣ್ಣು ಮುಚ್ಚಿಕೊಂಡೇ ತೆಗೆದುಕೊಟ್ಟರು. "ನನ್ನ ಮನೇಲಿ ಯಾವುದೂ ಕಳೆದುಹೋಗಲ್ಲಪ್ಪ" ಎಂದರು. ಭಾವನಿಗೆ ಇದು ಎಲ್ಲೋ ಚುಚ್ಚಿರಬೇಕು.

ಹೊಸ ಫೋಲ್ಡರ್ ಅದರಲ್ಲೇ ಇತ್ತು. ಆದರೆ ಮೇಡಂ ಬೆರಳೆತ್ತಿ ನಮ್ಮ ಸಂತೋಷವನ್ನು ತಡೆದರು. ಅಕ್ಕ ಚಿತ್ರ ಬರೆದಿದ್ದ ಪ್ರೋಗ್ರಾಮು ಈಗಿನ ಯಾವ ಕಂಪ್ಯೂಟರಿನಲ್ಲೂ ಇಲ್ಲವಂತೆ. ಈ ಮುದಿ ಯಂತ್ರ ಎದ್ದು ನಿಂತರೆ ಮಾತ್ರ ಅವು ತೆರೆದುಕೊಳ್ಳುವುದು. ಅವರು ಪೆನ್ ಡ್ರೈವಿನಲ್ಲಿದ್ದ ಎರಡನೇ ಪ್ರತಿಗಳನ್ನೆಲ್ಲ ಉಗ್ರಾಣಕ್ಕೆ ಮರಳಿ ತುಂಬಿ, ಕಪ್ಪು ಕಿಟಕಿಯಲ್ಲಿ ಅದೇ ಆಜ್ಞೆಯನ್ನು ಇನ್ನೊಮ್ಮೆ ಒತ್ತಿದರು.

ಅಷ್ಟು ಹೊತ್ತಿಗೆ ಹೊಲಿಗೆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಕುಳಲ್ಲಿ ಪ್ರಶಂಸಾಪತ್ರ ಹಿಡಿದ ಮಾವ, ಈ ಮನೆಯಲ್ಲಿ ನೆಟ್ಟಗೆ ನಡೆಯಬಹುದಲ್ಲ ಎಂದು ಖುಷಿಯಾಗಿ ಓಡಾಡುತ್ತಿದ್ದ ಅತ್ತೆ, ಜಪ್ತಿಯಿಲ್ಲವೆಂದು ಗೊತ್ತಾದರೂ ಹೋಗಲೊಲ್ಲದ ದಿನಸಿ ಅಂಗಡಿಯವರು, ಎಲ್ಲರೂ ಅಂಕಿ ಏರುವುದನ್ನೇ ನೋಡುತ್ತಿದ್ದರು. ಅಂಕಿ ಅರ್ಧ ದಾಟಿತು. ಮುಕ್ಕಾಲಿಗೆ ಬಂದು ನಿಂತುಬಿಟ್ಟಿತು.

"ಇದೇನು ನಿಂತಿತು?" ಎಂದರು ಭಾವ.

"ಯೋಚನೆ ಮಾಡ್ತಿರಬೇಕು" ಎಂದರು ದಿನಸಿ ಅಂಗಡಿಯವರು.

"ಯಾರೂ ಉಸಿರು ಬಿಡಬೇಡಿ" ಎಂದರು ಮೇಡಂ. ಅವರ ಚಿತ್ರದ ಪುಸ್ತಕ ನೆಲಕ್ಕೆ ಬಿದ್ದು, ಅದರ ಮೇಲೆ ಅವರೇ ನಿಂತಿದ್ದರು. ಅವರಿಗೂ ಈಗ ಹಳೆಯದೇ ಗೆಲ್ಲಬೇಕಿತ್ತು.

ಅಂಕಿ ಮತ್ತೆ ಸರಿಯಿತು. ನೂರು. ಪರದೆಯ ಮೇಲೆ ಒಂದು ಸಾಲು ಬಂತು. ಮೇಡಂ ಅದನ್ನು ಓದಿ ಹೇಳಿದರು: ಕೆಟ್ಟ ಫೈಲುಗಳು ಸಿಕ್ಕಿವೆ. ಎಲ್ಲವನ್ನೂ ಸರಿಪಡಿಸಲಾಗಿದೆ.

ಅವರು ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದರು. ಅದು ಕೆಮ್ಮಿತು. ಫ್ಯಾನು ತಿರುಗಿತು. ಎಂದಿನಂತೆ ಸಾವಕಾಶವಾಗಿ, ನಮ್ಮ ಪ್ರಾಣದ ಚಿಂತೆಯಿಲ್ಲದೆ, ಒಂದೊಂದೇ ಚಿತ್ರ ಹಚ್ಚುತ್ತಾ ಎದ್ದು ಕೂತು, ತನ್ನ ಹಳೆಯ ರಾಗ ಹಾಡಿತು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆ ಕಂಪ್ಯೂಟರ್ ನಿಧಾನ ಎಂದು ನಾನು ಆಮೇಲೆ ಯಾವತ್ತೂ ಬೈದಿಲ್ಲ.

ಅಕ್ಕ ಮುಂದೆ ಬಂದು ಫೋಲ್ಡರ್ ತೆರೆದಳು. ಮಗುವಿನ ಫ್ರಾಕು ಬಂತು. ದುಂಡು ಕಾಲರು ಬಂತು. ಅಂಗಿಯ ತೋಳು, ಪ್ಯಾಂಟಿನ ಜೇಬು, ಎಲ್ಲವೂ ತಮ್ಮ ತಮ್ಮ ಗೆರೆ, ಅಳತೆ ಸಮೇತ ಇದ್ದವು. ಕಡೆಯ ಚಿತ್ರ ಗಂಡಸರ ಕೋಟು. ಅದರ ಕೆಳಗೆ ಅಕ್ಕ ಬರೆದಿದ್ದಳು: 'ಎಡ ಭುಜ ಸ್ವಲ್ಪ ತಗ್ಗಿದವರಿಗೆ.' ನಮ್ಮ ಭಾವನ ಎಡ ಭುಜ ತಗ್ಗು. 'ಅವರಿಗೆ ಗೊತ್ತಾಗದಂತೆ ಒಳಗೊಂದು ಪದರ ಹೆಚ್ಚು ಕೊಡಬೇಕು' ಎಂದೂ ಬರೆದಿತ್ತು.

ಭಾವ ಅದನ್ನು ಎರಡು ಸಲ ಓದಿದರು. ಆಮೇಲೆ ಉಳಿದ ಗಡ್ಡ ಬೋಳಿಸಿಕೊಂಡು ಬರುತ್ತೇನೆಂದು ಬಚ್ಚಲಿಗೆ ಹೋದವರು ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡೇ ಇದ್ದರು.

ಸೋಮವಾರ ಪ್ರಿನ್ಸಿಪಾಲರು ಒಪ್ಪಿದರು. ಪುಸ್ತಕಕ್ಕೆ ಹೆಸರೇನು ಎಂದು ಕೇಳಿದ್ದಕ್ಕೆ, ಹೆಸರಿಡದೆ ಒಮ್ಮೆ ಪೆಟ್ಟು ತಿಂದಿದ್ದ ಅಕ್ಕ ತನ್ನ ಹೆಸರು, ಮನೆಯ ವಿಳಾಸ, ಫೋನ್ ನಂಬರು ಮೂರನ್ನೂ ಮುಖಪುಟದ ಮೇಲೇ ಹಾಕಿಸಿದಳಂತೆ. ಮೇಲಿನ ಮನೆಯಲ್ಲಿ ಆ ಚಿನ್ನದ ಕಟ್ಟು ಈಗ ಹಿಡಿಯಿಲ್ಲದ ಕೊಡೆಗಳ ರಾಶಿಯ ಮೇಲೆ ತೂಗುತ್ತಿದೆ. ಅಲ್ಲಿಗೆ ಹೋದವರು 'ಅನಗತ್ಯವಾದುದನ್ನು ಗುರುತಿಸುವ ಅಪೂರ್ವ ದೃಷ್ಟಿಗಾಗಿ' ಎಂಬುದನ್ನು ಓದಿ, ಸುತ್ತಲೂ ಒಮ್ಮೆ ನೋಡಿ, ಮಾವನ ಕೈ ಕುಲುಕಿ ಬರುತ್ತಾರೆ. ಅತ್ತೆ ಅಡಿಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ.

ಇನ್ನು ಭಾವ. ಆಫೀಸಿನಲ್ಲಿ ಅವರ ನಿಯಮ ಈಗಲೂ ಮೂರು ಸಲ ಕೇಳುವುದೇ. ಮನೆಯಲ್ಲಿ ಮಾತ್ರ ಒಂದು ತಿದ್ದುಪಡಿಯಾಗಿದೆ. ನಿನ್ನೆಯಷ್ಟೇ ಅವರು ಒಂದು ಹರಿದ ಚಿಂದಿ ಬಟ್ಟೆ ಹಿಡಿದು ಅಕ್ಕನ ಮುಂದೆ ನಿಂತಿದ್ದರು. ಅಕ್ಕ ತಲೆ ಅಲ್ಲಾಡಿಸಿದಳು. ಭಾವ ಕದಲಲಿಲ್ಲ. ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತು, ಅಂಗೈ ಚಾಚಿದರು.

"ಅವಸರ ಇಲ್ಲ. ಮೊದಲು ಪಿನ್ನೆಲ್ಲ ಇಲ್ಲಿ ಹಾಕು. ಆಮೇಲೆ ಬಾಯಿಬಿಟ್ಟು ಹೇಳು."